ಸೆಟ್ ಎಂಬ ಸಣ್ಣ ಶಬ್ದ

ಇಂಗ್ಲಿಷು ಕಲಿಯತಕ್ಕವರನ್ನು ಹೆದರಿಸುವುವು ದೊಡ್ಡ ಶಬ್ದಗಳು ಎಂಬುದು ಸಾಮಾನ್ಯವಾದ ನಂಬಿಕೆ. ಪಾಠ ಹೇಳುವ ನಮ್ಮ ಅನುಭವ ಇದಕ್ಕೆ ವಿರುದ್ಧವಾದದ್ದು. ಹನ್ನೆರಡು ಅಕ್ಷರಗಳ ಶಬ್ದವೊಂದು ಎದುರಾದಾಗ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ಅಲ್ಲಿ ಒಂದೋ ಎರಡೋ ಅರ್ಥ ದೊರೆಯುತ್ತದೆ. ಅದನ್ನು ಪುಟದ ಅಂಚಿನಲ್ಲಿ ಬರೆದುಕೊಂಡು ಮುಂದೆ ಸಾಗುತ್ತಾನೆ. ದೊಡ್ಡ ಶಬ್ದ ಒಂದು ಸಲ ಕಾಟ ಕೊಟ್ಟು ಅಡಗುತ್ತದೆ. ಸಣ್ಣ ಶಬ್ದದ ಕಾಟ ಹಾಗಲ್ಲ. ಗೆಟ್, ಪುಟ್, ರನ್, ಟೇಕ್, ಸೆಟ್ ಮುಂತಾದವನ್ನು ಯಾರು ತಾನೆ ನಿಘಂಟಿನಲ್ಲಿ ಹುಡುಕುತ್ತಾರೆ? ಅವು ಕೆಳಗಿನ ತರಗತಿಗಳಲ್ಲಿಯೇ ಬಂದು ಹೋದವು. ಅವುಗಳ ಅರ್ಥ ತಮಗೆ ತಿಳಿದಿದೆಯೆಂಬ ಧೈರ್ಯ ಎಲ್ಲರಿಗೂ ಉಂಟು. ಆ ಧೈರ್ಯವೇ ಅಪಾಯಕರ. ‘ದಿ ಸನ್ ಸೆಟ್’ ಎಂಬ ವಾಕ್ಯಕ್ಕೆ ‘ಸೂರ್ಯನು ಸ್ಥಾಪಿತನಾದನು’ ಎಂದು ಭಾಷಾಂತರ ಬರೆದಿದ್ದ ಉತ್ತರಪತ್ರಿಕೆಯೊಂದು ನಮ್ಮ ಕೈಗೆ ಬಂದದ್ದುಂಟು. ಬರೆದಾತನು ದಡ್ಡನಲ್ಲ. ಅದೇ ಪತ್ರಿಕೆಯಲ್ಲಿ ಲ್ಯಾಟಿನ್ ಮೂಲದ ಮೊಳದುದ್ದದ ಶಬ್ದಗಳನ್ನೆಲ್ಲ ಅವನು ಚೆನ್ನಾಗಿಯೇ ಬಿಡಿಸಿದ್ದನು.

ಈ ಹೊತ್ತು ಅಂಥ ಸಣ್ಣ ಶಬ್ದಗಳಲ್ಲಿ ‘ಸೆಟ್’ ಎಂಬುದೊಂದನ್ನೇ ಹಿಡಿದು ಕೊಂಚ ವಿಚಾರ ಮಾಡೋಣ. ಇಂಗ್ಲಿಷಿನಲ್ಲಿ ಅದಕ್ಕೆ ಮೂರೇ ಅಕ್ಷರ. ಇಂಗ್ಲಿಷು ಬಾರದವರ ಮನೆಗೂ ಅದು ಎಂದೋ ಬಂದು ಸೇರಿದೆ. ಈ ಮಾತು ತಮ್ಮ ಕಿವಿಯನ್ನು ಮುಟ್ಟುವುದು ರೇಡಿಯೋ ಸೆಟ್ಟಿನಿಂದ. ಅತಿಥಿಗಳು ಬಂದಾಗ ಬೀರುವಿನಿಂದ ಹೊರಗೆ ಬರುವುದು ಟೀ ಸೆಟ್ಟು. ಟೆನಿಸ್ ಆಡುವವರು ಸೆಟ್ಟುಗಳನ್ನು ಎಣಿಸುತ್ತಾರೆ. ಸಿನಿಮಾದವರು ಸೆಟ್ಟುಗಳನ್ನು ಕಟ್ಟುತ್ತಾರೆ. ಗಣಿತದವರು ಸೆಟ್ ಎಂಬುದಕ್ಕೆ ಗಣವೆಂದು ಹೆಸರಿಟ್ಟು ಶಾಲೆಯ ಮಕ್ಕಳಿಗೆ ಕಲಿಸುತ್ತಾರೆ. ಬೆಂಗಳೂರಿನ ಹೋಟೆಲಿನಲ್ಲಿ ಒಂದರ ಮೇಲೊಂದು ಕುಳಿತು ಬರುವ ಮೆತ್ತನೆಯ ದೋಸೆಗಳಿಗೆ ಸೆಟ್ ದೋಸೆಯೆಂದೇ ಹೆಸರು. ಯಾವ ಇಂಗ್ಲಿಷು ನಿಘಂಟೂ ಈ ಕೊನೆಯ ಪ್ರಯೋಗವನ್ನು ಊಹಿಸಿರಲಾರದು. ಇನ್ನು ನಮ್ಮ ತರುಣರು ಕೆಲಸ ಕೂಡಿ ಬಂದಾಗ ‘ಸೆಟ್ ಆಯಿತು’ ಎನ್ನುವುದನ್ನು ಕೇಳಿ ಹಿರಿಯರು ಮುಖ ಸಿಂಡರಿಸುತ್ತಾರೆ. ನಮಗೇನೋ ಆ ಪ್ರಯೋಗದಲ್ಲಿ ದೊಡ್ಡ ದೋಷ ಕಾಣುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇವೆ.

ಈ ಶಬ್ದದ ವಿಸ್ತಾರವೆಷ್ಟೆಂಬುದನ್ನು ಅರಿಯಲು ನಿಘಂಟುಕಾರರ ಕಡೆಗೆ ನೋಡಬೇಕು. ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ೧೭೫೫ರಲ್ಲಿ ತನ್ನ ಪ್ರಸಿದ್ಧವಾದ ಇಂಗ್ಲಿಷು ನಿಘಂಟನ್ನು ಪ್ರಕಟಿಸಿದನು. ಅದರ ಮುನ್ನುಡಿಯಲ್ಲಿ ಆತನು ಕೆಲವು ಸಣ್ಣ ಕ್ರಿಯಾಪದಗಳನ್ನು ಕುರಿತು ದೂರಿಕೊಂಡಿದ್ದಾನೆ. ಇವುಗಳ ಅರ್ಥ ಸಡಿಲ, ಬಳಕೆ ಅತಿವಿಸ್ತಾರ. ಇವುಗಳ ಜಾಡು ಹಿಡಿದು ಹೋಗುವುದು ಬಲು ಕಷ್ಟವೆಂಬುದು ಅವನ ಅಳಲು. ಅವನು ಕೊಟ್ಟಿರುವ ಪಟ್ಟಿಯಲ್ಲಿ ನಮ್ಮ ಸೆಟ್ಟೂ ಇದೆ.

ಅನಂತರದ ಮಹಾಕಾರ್ಯವೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಜೇಮ್ಸ್ ಮರ್ರೆಯವರು ೧೮೭೯ರಲ್ಲಿ ಅದರ ಸಂಪಾದಕತ್ವವನ್ನು ವಹಿಸಿಕೊಂಡರು. ಮನೆಯ ಹಿತ್ತಿಲಲ್ಲಿ ತಗಡಿನ ಕೊಟ್ಟಿಗೆಯೊಂದನ್ನು ಕಟ್ಟಿಸಿ, ಅದರ ಗೋಡೆಗಳ ತುಂಬ ಗೂಡುಗಳನ್ನು ಮಾಡಿಸಿ, ದೇಶದೇಶಗಳ ಓದುಗರು ಪುಸ್ತಕಗಳಿಂದ ಎತ್ತಿ ಬರೆದು ಕಳುಹಿಸುತ್ತಿದ್ದ ಚೀಟಿಗಳನ್ನು ಅಕಾರಾದಿಯಾಗಿ ಆ ಗೂಡುಗಳಲ್ಲಿ ತುಂಬಿದರು. ಮೊದಲ ಭಾಗ ೧೮೮೪ರಲ್ಲಿ ಹೊರಬಿತ್ತು; ಕೊನೆಯದು ೧೯೨೮ರಲ್ಲಿ. ಮರ್ರೆಯವರು ೧೯೧೫ರಲ್ಲಿಯೇ ತೀರಿಕೊಂಡರು. ಅಚ್ಚಾದ ಉದಾಹರಣೆಗಳೇ ೧೮ ಲಕ್ಷಕ್ಕೆ ಮಿಕ್ಕಿದ್ದುವು. ಈ ನಿಘಂಟಿನ ಎರಡನೆಯ ಆವೃತ್ತಿ ೧೯೮೯ರಲ್ಲಿ ೨೦ ಸಂಪುಟಗಳಾಗಿ ಬಂದಾಗ, ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ನಮೂದು ಸೆಟ್ ಎಂಬ ಕ್ರಿಯಾಪದದ್ದಾಗಿತ್ತು. ಬರಿಯ ಸೆಟ್ಟಿಗೆ ೪೩೦ ಅರ್ಥಗಳು. ವಿವರಣೆ ಸುಮಾರು ೬೦,೦೦೦ ಶಬ್ದಗಳಷ್ಟು. ಎಂದರೆ ಈ ಒಂದು ಶಬ್ದದ ಅರ್ಥವನ್ನು ಹೇಳಲು ಸಾಧಾರಣ ಗಾತ್ರದ ಕಾದಂಬರಿಯಷ್ಟು ಬರೆಯಬೇಕಾಯಿತು!

ಆ ಪಟ್ಟ ಈಗ ಸೆಟ್ಟಿಗೆ ಉಳಿದಿಲ್ಲ. ಮೂರನೆಯ ಆವೃತ್ತಿಗಾಗಿ ನಮೂದುಗಳನ್ನು ಮತ್ತೆ ಬರೆಯುತ್ತ ಬಂದ ಹಾಗೆ ೨೦೦೦ದಲ್ಲಿ ‘ಮೇಕ್’, ೨೦೦೭ರಲ್ಲಿ ‘ಪುಟ್’, ೨೦೧೧ರಲ್ಲಿ ‘ರನ್’ ಒಂದನ್ನೊಂದು ಹಿಂದೆ ಹಾಕಿದುವು. ರನ್ ಎಂಬ ಕ್ರಿಯಾಪದವೊಂದಕ್ಕೇ ೬೪೫ ಅರ್ಥಗಳು. ಪೀಟರ್ ಗಿಲ್ಲಿವರ್ ಎಂಬ ಸಂಪಾದಕರು ಅದಕ್ಕಾಗಿ ಒಂಬತ್ತು ತಿಂಗಳು ದುಡಿದರು. ಆದರೂ ಇಂಥ ಲೆಕ್ಕಗಳನ್ನು ಕೇಳಿ ಬೆರಗಾಗಿ ನಿಲ್ಲಬಾರದು. ನಾನೂರ ಮೂವತ್ತು ಎಂಬುದು ಮರದಲ್ಲಿ ಎಣಿಸಿದ ಎಲೆಗಳ ಸಂಖ್ಯೆ. ಇಂಗ್ಲಿಷು ತಾಯ್ನುಡಿಯಾಗಿರುವ ಮಗು ನಾನೂರ ಮೂವತ್ತು ಅರ್ಥಗಳನ್ನು ಬಾಯಿಪಾಠ ಮಾಡಿ ಕಲಿತಿರುವುದಿಲ್ಲ. ಅದು ಬುಡವನ್ನು ಹಿಡಿದಿದೆ. ನಾವೂ ಬುಡಕ್ಕೆ ಹೋಗೋಣ.

ಹೋದರೆ ಅಲ್ಲಿ ಕಾಣುವುದು ಒಂದು ಬುಡವಲ್ಲ, ಎರಡು. ಸೆಟ್ ಎಂಬ ಕ್ರಿಯಾಪದವು ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದರಿಂದ ಬಂದಿದೆ. ‘ಸಿಟ್ಟನ್’ ಎಂದರೆ ಕುಳಿತುಕೊಳ್ಳು. ‘ಸೆಟ್ಟನ್’ ಎಂದರೆ ಕುಳ್ಳಿರಿಸು. (ನಮ್ಮ ಸಿಟ್ಟಿಗೂ ಇದಕ್ಕೂ ನಂಟಿಲ್ಲ. ದನಿ ಒಂದಾದ ಮಾತ್ರಕ್ಕೆ ಕುಲ ಒಂದಾಗುವುದಿಲ್ಲ.) ನಾವು ಕನ್ನಡದಲ್ಲಿ ಏರು ಎಂಬುದಕ್ಕೆ ‘ಇಸು’ ಸೇರಿಸಿ ಏರಿಸು ಎನ್ನುತ್ತೇವೆ, ಆ ಜನರು ಒಳಗಿನ ಸ್ವರವನ್ನು ಬದಲಾಯಿಸಿ ಅದೇ ಕೆಲಸವನ್ನು ಮಾಡಿಕೊಂಡರು. ಸಿಟ್ ಮತ್ತು ಸೆಟ್, ಲೈ ಮತ್ತು ಲೇ, ಫಾಲ್ ಮತ್ತು ಫೆಲ್ ಇವೆಲ್ಲ ಇಂಥ ಜೋಡಿಗಳು. ಈ ಧಾತುವಿನ ಬಳಗ ದೊಡ್ಡದು. ಸಂಸ್ಕೃತದ ‘ಸದ್’ ಎಂಬ ಧಾತು ಇದರ ಒಡಹುಟ್ಟು. ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಆ ಧಾತುವಿನ ಸಂತಾನ. ಎಲ್ಲದರಲ್ಲಿಯೂ ಯಾರೋ ಎಲ್ಲಿಯೋ ಕುಳಿತಿದ್ದಾರೆ. ನೀರು ಅಲುಗದೆ ನಿಂತು ಕೆಸರು ಕೆಳಗೆ ಕೂತರೆ ಅದು ಪ್ರಸನ್ನ. ಮನಸ್ಸು ಕುಸಿದು ಕೂತರೆ ಅದು ವಿಷಾದ. ಇಂಗ್ಲಿಷಿನಲ್ಲಿ ಒಲೆಯ ಮಸಿಗೆ ‘ಸೂಟ್’ ಎನ್ನುತ್ತಾರಲ್ಲ, ಅದೂ ಈ ಬಳಗದ್ದೇ: ಗೋಡೆಯ ಮೇಲೆ ಬಂದು ಕುಳಿತದ್ದು ಎಂದು ಅರ್ಥ.

ಇನ್ನೊಂದು ಸೆಟ್, ಗುಂಪು ಅಥವಾ ಸಮೂಹ ಎಂಬರ್ಥದ ನಾಮಪದ, ಬೇರೆ ಮನೆಯಿಂದ ಬಂದದ್ದು. ಅದು ಹಳೆಯ ಫ್ರೆಂಚಿನ ದಾರಿಯಾಗಿ ಲ್ಯಾಟಿನ್ನಿನ ‘ಸೆಕ್ಟ’ದಿಂದ ಇಳಿದು ಬಂದಿದೆ, ಹಿಂಬಾಲಿಸು ಎಂಬ ಧಾತುವಿನಿಂದ ಹುಟ್ಟಿದ್ದು. ಒಬ್ಬ ಗುರುವನ್ನು ಹಿಂಬಾಲಿಸುವವರ ಪಂಥಕ್ಕೆ ‘ಸೆಕ್ಟ್’ ಎನ್ನುತ್ತಾರೆ. ಅದೇ ಶಬ್ದ ಸವೆದು ಸೆಟ್ ಆಯಿತು. ಈ ಧಾತುವಿಗೂ ಸಂಸ್ಕೃತದಲ್ಲಿ ನಂಟುಂಟು. ಜೊತೆಗಿರು, ಅನುಸರಿಸು ಎಂಬರ್ಥದ ‘ಸಚ್’ ಧಾತುವಿನಿಂದ ಸಚಿವ ಎಂಬ ಪದ ಬಂದಿದೆ. ಒಡನಿರುವವನು ಎಂಬುದು ಅದರ ಮೂಲಾರ್ಥ. ಆದ್ದರಿಂದ ಸಚಿವರು ಪರಿಷತ್ತಿನಲ್ಲಿ ಇದ್ದಾರೆ ಎಂದು ಪತ್ರಿಕೆಯಲ್ಲಿ ಓದಿದರೆ, ಆ ಒಂದು ವಾಕ್ಯದಲ್ಲಿ ಎರಡೂ ಸೆಟ್ಟುಗಳ ದಾಯಾದಿಗಳು ಕಲೆತಿರುತ್ತಾರೆ. ಟೀ ಸೆಟ್ಟು, ಟೆನಿಸ್ ಸೆಟ್ಟು, ಸೆಟ್ ದೋಸೆ ಇವೆಲ್ಲ ಈ ಎರಡನೆಯ ಮನೆಯವು. ಸಿನಿಮಾ ಸೆಟ್ಟು ಮೊದಲನೆಯದು. ಕಾಲಾಂತರದಲ್ಲಿ ಎರಡು ಮನೆಗಳ ನಡುವಣ ಗೋಡೆ ಬಿದ್ದುಹೋಯಿತು. ಒಟ್ಟಿಗೆ ಇಟ್ಟದ್ದು ಎಂಬ ಭಾವನೆ ಗುಂಪಿನ ಅರ್ಥದೊಳಕ್ಕೂ ನುಗ್ಗಿತು. ಇಂದು ಇಂಗ್ಲಿಷಿನವರಿಗೇ ಅವು ಎರಡೆಂಬುದು ನೆನಪಿಲ್ಲ.

ಕುಳ್ಳಿರಿಸು ಎಂಬ ಮೂಲಾರ್ಥವನ್ನು ಕೈಯಲ್ಲಿ ಹಿಡಿದು ಹೊರಟರೆ ಎಷ್ಟೋ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನು ಸೆಟ್ ಮಾಡುತ್ತಾನೆ. ನಾವು ಹರಳು ಕೂರಿಸುವುದು ಎನ್ನುತ್ತೇವೆ. ಮುರಿದ ಮೂಳೆಯನ್ನು ವೈದ್ಯನು ಸೆಟ್ ಮಾಡುತ್ತಾನೆ. ನಮ್ಮಲ್ಲಿಯೂ ಅದು ಮೂಳೆ ಕೂರಿಸುವುದೇ. ಕೋಳಿಯನ್ನು ಮೊಟ್ಟೆಗಳ ಮೇಲೆ ಸೆಟ್ ಮಾಡುತ್ತಾರೆ; ನಮ್ಮ ಹಳ್ಳಿಯ ಹೆಂಗಸು ಕೋಳಿಯನ್ನು ಕಾವಿಗೆ ಕೂರಿಸುತ್ತಾಳೆ. ನವರಾತ್ರಿಯಲ್ಲಿ ಮೈಸೂರಿನ ಮನೆಮನೆಯಲ್ಲಿಯೂ ಗೊಂಬೆ ಕೂರಿಸುವುದುಂಟು. ಭಾದ್ರಪದದಲ್ಲಿ ಗಣಪತಿಯನ್ನು ಕೂರಿಸುವುದುಂಟು. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ‘ಸೆಟ್ ಅಪ್’ ಎಂಬುದಕ್ಕಿಂತ ಹೊಂದುವ ಮಾತು ನಮಗೆ ತೋರದು. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆಗೆ ಬಂದಿದ್ದಾರೆ. ‘ಕೆಲಸ ಸೆಟ್ ಆಯಿತು’ ಎನ್ನುವ ತರುಣನೂ, ಅವನಿಗೆ ತಿಳಿಯದೆಯೇ, ಕೆಲಸ ತನ್ನ ಜಾಗದಲ್ಲಿ ಸರಿಯಾಗಿ ಕುಳಿತಿತು ಎನ್ನುತ್ತಿದ್ದಾನೆ.

ಸ್ಥಾಪಿತನಾದ ಆ ಸೂರ್ಯನ ಗತಿಯೇನು? ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ಸೂರ್ಯನು ಪೀಠಕ್ಕೆ ಹೋಗುವುದು ಎಂಬರ್ಥದ ಮಾತಿತ್ತು. ಹಗಲೆಲ್ಲ ನಡೆದವನು ಸಂಜೆ ಆಸನಕ್ಕೆ ಮರಳುತ್ತಾನೆಂಬ ಕಲ್ಪನೆ. ಕನ್ನಡದಲ್ಲಿ ಅವನು ಮುಳುಗುತ್ತಾನೆ, ಕಂತುತ್ತಾನೆ. ಹಳಗನ್ನಡದಲ್ಲಿ ‘ಪಡು’ತ್ತಾನೆ, ಎಂದರೆ ಬೀಳುತ್ತಾನೆ, ಒರಗುತ್ತಾನೆ. ಪಡುವಣ ದಿಕ್ಕಿಗೆ ಆ ಹೆಸರು ಬಂದದ್ದು ಅದರಿಂದ. ಮೂಡುವ ಕಡೆ ಮೂಡಣವಾದಂತೆ. ಅವರ ಸೂರ್ಯನು ಕೂರುತ್ತಾನೆ, ನಮ್ಮವನು ಮಲಗುತ್ತಾನೆ. ನಮ್ಮವನಿಗೆ ಬಿಸಿಲು ಹೆಚ್ಚಾದ್ದರಿಂದ ಆಯಾಸವೂ ಹೆಚ್ಚಿರಬಹುದು.

ಇಲ್ಲಿಗೆ ಎಲ್ಲವೂ ಸುಗಮವಾಯಿತೆಂದು ಶ್ರೋತೃಗಳು ಭಾವಿಸಬಾರದು. ಸೆಟ್ಟಿನ ನಿಜವಾದ ತೊಡಕು ಈಗ ಬರುತ್ತದೆ. ಗಾರೆ ಗಟ್ಟಿಯಾಗಿ ಅಲುಗದೆ ನಿಂತರೆ ಸೆಟ್ ಆಯಿತು ಎನ್ನುತ್ತಾರೆ. ಮನುಷ್ಯನು ಮನೆ ಬಿಟ್ಟು ಪ್ರಯಾಣ ಹೊರಟರೆ ‘ಸೆಟ್ ಔಟ್’ ಎನ್ನುತ್ತಾರೆ. ಒಂದರಲ್ಲಿ ನಿಲುವು, ಇನ್ನೊಂದರಲ್ಲಿ ಚಲನೆ. ಒಂದೇ ಶಬ್ದ ಇವೆರಡನ್ನೂ ಹೇಗೆ ಹೊತ್ತಿದೆ? ನಮಗೆ ತೋರುವ ಸಮಾಧಾನ ಹೀಗೆ. ಇಡುವ ಕೆಲಸಕ್ಕೆ ಎರಡು ಮುಖಗಳಿವೆ. ಇಟ್ಟ ವಸ್ತು ಇಟ್ಟಲ್ಲಿಯೇ ಉಳಿಯುವುದು ಒಂದು ಮುಖ. ಗಟ್ಟಿಯಾದ ಗಾರೆ, ಬದಲಾಗದ ಅಭಿಪ್ರಾಯ, ಪರೀಕ್ಷೆಗೆ ಗೊತ್ತುಮಾಡಿದ ಪಠ್ಯಪುಸ್ತಕ ಇವೆಲ್ಲ ಆ ಕಡೆಯವು. ವಸ್ತುವನ್ನು ಒಂದು ದಿಕ್ಕಿಗೆ ತಿರುಗಿಸಿ ಇಡುವುದು ಇನ್ನೊಂದು ಮುಖ. ಹಾಯಿಯನ್ನು ಗಾಳಿಗೆ ಸರಿಯಾಗಿ ಇಟ್ಟರೆ ಹಡಗು ಹೊರಡುತ್ತದೆ. ಹೆಜ್ಜೆಯನ್ನು ಬಾಗಿಲಿನಾಚೆಗೆ ಇಟ್ಟರೆ ಪ್ರಯಾಣ ಮೊದಲಾಗುತ್ತದೆ. ಯಾವ ಮುಖ ಎಂಬುದನ್ನು ತಿಳಿಸುವುದು ಸೆಟ್ ಅಲ್ಲ. ಅದರ ನೆರೆಯ ಶಬ್ದ.

ಆ ನೆರೆಯವರು ಆಫ್, ಇನ್, ಅಪ್, ಔಟ್, ಬ್ಯಾಕ್, ಅಸೈಡ್ ಎಂಬ ಪುಡಿಪದಗಳು. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಮುಂದೆ ಬಂದು ಅದರ ಅರ್ಥವನ್ನು ಎಳೆದೊಯ್ಯುತ್ತದೆ. ಪ್ರಸಾದ ಮತ್ತು ವಿಷಾದಗಳಿಗಿರುವ ಅಂತರ ಬರಿಯ ಉಪಸರ್ಗದ್ದು. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಹಿಂದೆ ಬರುವ ಪುಡಿಪದ ಮಾಡುತ್ತದೆ. ಪರದೇಶದವರಿಗೆ ತಮ್ಮ ಭಾಷೆಯಲ್ಲಿ ಅತ್ಯಂತ ಕಷ್ಟವಾದದ್ದು ಇದೇ ಎಂದು ಜಾನ್ಸನ್ನನೇ ಒಪ್ಪಿಕೊಂಡು, ‘ಸೆಟ್ ಇನ್’ ಮತ್ತು ‘ಸೆಟ್ ಔಟ್’ ಎಂಬುವನ್ನು ನಿದರ್ಶನವಾಗಿ ಕೊಟ್ಟಿದ್ದಾನೆ. ಸೆಟ್ ಇನ್ ಎಂದರೆ ಬಂದು ನೆಲೆಯೂರಿ ಬಿಡದಿರುವುದು. ಮುಂಗಾರು ‘ಸೆಟ್ಸ್ ಇನ್’ ಎಂಬುದಕ್ಕೆ ‘ಮುಂಗಾರು ಆರಂಭವಾಯಿತು’ ಎಂದು ಬರೆದರೆ ತಪ್ಪೇನೂ ಆಗದು. ಮಲೆನಾಡಿನವರಾದರೆ ‘ಮಳೆ ಹಿಡಿಯಿತು’ ಎನ್ನುತ್ತಾರೆ. ಇನ್ನು ಕೆಲವು ದಿನ ಬಿಡುವುದಿಲ್ಲವೆಂಬ ಸೂಚನೆ ಆ ‘ಹಿಡಿಯಿತು’ ಎಂಬುದರಲ್ಲಿಯೇ ಇದೆ. ‘ಆರಂಭವಾಯಿತು’ ಎಂಬುದರಲ್ಲಿ ಇಲ್ಲ.

ಇದೆಲ್ಲ ಪಂಡಿತರ ವಿನೋದವೆಂದು ಯಾರಾದರೂ ತಳ್ಳಿಹಾಕುವ ಮೊದಲು ‘ಸೆಟ್ ಅಸೈಡ್’ ಎಂಬುದನ್ನು ನೋಡಬೇಕು. ಸಂಬಳ ಬಂದ ದಿನ ಮಗಳ ಮದುವೆಗಾಗಿ ಒಂದಿಷ್ಟು ಹಣವನ್ನು ಸೆಟ್ ಅಸೈಡ್ ಮಾಡುತ್ತೇವೆ. ಎಂದರೆ ಜೋಪಾನವಾಗಿ ತೆಗೆದಿಡುತ್ತೇವೆ. ಹೈಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ಸೆಟ್ ಅಸೈಡ್ ಮಾಡಿದರೆ ಅದನ್ನು ಜೋಪಾನ ಮಾಡಿತೆಂದು ಅರ್ಥವಲ್ಲ, ರದ್ದು ಮಾಡಿತೆಂದು ಅರ್ಥ. ಜಮೀನಿನ ವ್ಯಾಜ್ಯದಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದವನೊಬ್ಬನು, ಅಷ್ಟಿಷ್ಟು ಇಂಗ್ಲಿಷು ಬಲ್ಲವನು, ಮೇಲಿನ ಕೋರ್ಟಿನ ಆಜ್ಞೆಯನ್ನು ತಾನೇ ಓದಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ತನ್ನ ತೀರ್ಪನ್ನು ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದಾರೆ, ಮುಂದೆ ಎತ್ತಿಕೊಳ್ಳುತ್ತಾರೆ ಎಂದು ಅವನು ನೆಮ್ಮದಿಯಿಂದ ಕುಳಿತರೆ, ಮೇಲ್ಮನವಿಯ ಅವಧಿ ಕಳೆದುಹೋಗುತ್ತದೆ. ಜಮೀನೂ ಹೋಗುತ್ತದೆ. ‘ಸೆಟ್ ಆಫ್’ ಎಂಬುದೂ ಹೀಗೆಯೇ. ಪ್ರಯಾಣಿಕನಿಗೆ ಅದು ಹೊರಡುವುದು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಾದರೆ ವಾದಿಯ ಸಾಲಕ್ಕೆ ಎದುರಾಗಿ ಪ್ರತಿವಾದಿಯು ತನಗೆ ಬರಬೇಕಾದ ಹಣವನ್ನು ವಜಾ ಹಾಕಿಸಿಕೊಳ್ಳುವುದು. ನ್ಯಾಯಾಲಯದ ಭಾಷೆ ಕಕ್ಷಿಗಾರನ ಭಾಷೆಯಲ್ಲದ ನಾಡಿನಲ್ಲಿ ಒಂದು ಪುಡಿಪದದ ಬೆಲೆ ಎಕರೆಗಳ ಲೆಕ್ಕದಲ್ಲಿಯೂ ಆಗಬಹುದು.

ಈ ತೊಂದರೆಗೆಲ್ಲ ಕಾರಣವಾದದ್ದು, ಒಂದು ಇಂಗ್ಲಿಷು ಶಬ್ದಕ್ಕೆ ಒಂದು ಕನ್ನಡ ಶಬ್ದವೆಂದು ಜೋಡಿ ಕಟ್ಟಿ ಉರು ಹೊಡೆಸುವ ನಮ್ಮ ಶಾಲೆಗಳ ಪದ್ಧತಿ ಎಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಆ ಜೋಡಿಯಲ್ಲಿ ಕನ್ನಡದ ಪಾಲಿಗೆ ಬರುವ ಶಬ್ದವಾದರೂ ಎಂಥದು? ಘನವಾದದ್ದು, ಗಂಭೀರವಾದದ್ದು: ಸ್ಥಾಪಿಸು, ನಿಗದಿಪಡಿಸು, ವ್ಯವಸ್ಥೆಗೊಳಿಸು. ಸಣ್ಣ ಶಬ್ದಕ್ಕೆ ಸಣ್ಣ ಶಬ್ದವನ್ನು ಕೊಡುವುದು ವಿದ್ಯಾವಂತರಿಗೆ ಅಗೌರವವಾಗಿ ತೋರುತ್ತದೆಯೋ ಏನೋ. ಆದರೆ ಸೆಟ್ಟಿಗೆ ಸಮಜೋಡಿಯಾದ ಪದವೊಂದು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಅದು ‘ಇಡು’.

ನೋಡೋಣ. ಇಂಗ್ಲಿಷಿನವನು ಬೆಂಕಿಯನ್ನು ಸೆಟ್ ಮಾಡುತ್ತಾನೆ, ನಾವು ಬೆಂಕಿಯಿಡುತ್ತೇವೆ. ಅವನು ಹೊಸ ನೆಲದ ಮೇಲೆ ಪಾದವನ್ನು ಸೆಟ್ ಮಾಡುತ್ತಾನೆ, ನಾವು ಕಾಲಿಡುತ್ತೇವೆ. ಒಂದು ವಸ್ತುವಿನ ಮೇಲೆ ಅವನು ಹೃದಯವನ್ನು ಸೆಟ್ ಮಾಡಿದರೆ ನಾವು ಮನಸ್ಸಿಡುತ್ತೇವೆ. ಮದುವೆಗೆ ದಿನವನ್ನು ಅವನು ಸೆಟ್ ಮಾಡಿದರೆ, ನಾವು ಜೋಯಿಸರಿಂದ ಮುಹೂರ್ತ ಇಡಿಸುತ್ತೇವೆ; ‘ವೈಶಾಖದಲ್ಲಿ ಮದುವೆ ಇಟ್ಟುಕೊಂಡಿದ್ದೇವೆ’ ಎನ್ನುತ್ತೇವೆ. ನಮ್ಮ ಇಡು ಇಷ್ಟಕ್ಕೇ ನಿಲ್ಲದೆ ಸೆಟ್ ಹೋಗದ ಕಡೆಗೂ ಹೋಗುತ್ತದೆ. ಮಗುವಿಗೆ ಹೆಸರಿಡುವುದು, ಹಣೆಗೆ ಬೊಟ್ಟಿಡುವುದು, ಕೆನ್ನೆಗೆ ಮುತ್ತಿಡುವುದು, ಬಾಗಿಲಿಗೆ ರಂಗವಲ್ಲಿ ಇಡುವುದು, ಒಡವೆಯನ್ನು ಒತ್ತೆಯಿಡುವುದು, ದೇವರಿಗೆ ಮೊರೆಯಿಡುವುದು, ಸತ್ತವರಿಗಾಗಿ ಗೋಳಿಡುವುದು! ಇನ್ನೊಂದು ಕ್ರಿಯಾಪದದ ಬೆನ್ನಿಗೆ ಸೇರಿಕೊಂಡು ಬಚ್ಚಿಡು, ಕೂಡಿಡು, ಬರೆದಿಡು, ಬೇಯಿಸಿಡು ಎಂದು ಹೊಸಹೊಸ ಕೆಲಸಗಳನ್ನು ಮಾಡುತ್ತದೆ. ಈಗ ತಾನೆ ಕಕ್ಷಿಗಾರನ ವಿಷಯದಲ್ಲಿ ನಾವು ‘ಎಂದಿಟ್ಟುಕೊಳ್ಳೋಣ’ ಎಂದೆವಲ್ಲ, ಅಲ್ಲಿಯೂ ಇದ್ದದ್ದು ಅದೇ. ಕನ್ನಡಿಗರಲ್ಲದ ಯಾರಾದರೂ ಈ ಎರಡಕ್ಷರದ ಶಬ್ದವನ್ನು ಕಲಿಯಹೊರಟರೆ ಅವರ ಪಾಡು, ಸೆಟ್ಟಿನ ಮುಂದೆ ನಮ್ಮ ಪಾಡಿಗಿಂತ ಮೇಲೇನೂ ಆಗಿರದು.

ಕನ್ನಡದ ಇಂಥ ಶಬ್ದಗಳನ್ನು ಕಲಿತು, ಅವುಗಳ ಬಳಕೆಗಳನ್ನು ತಾಳ್ಮೆಯಿಂದ ಕೂಡಿಹಾಕಿದವರಲ್ಲಿ ಒಬ್ಬರು ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನಂಡ್ ಕಿಟ್ಟೆಲ್ಲರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚುಮಾಡಿದ ಅವರ ಕನ್ನಡ–ಇಂಗ್ಲಿಷು ನಿಘಂಟನ್ನು ದೊಡ್ಡ ಶಬ್ದಕ್ಕಾಗಿ ತೆರೆಯುವವರೇ ಬಹಳ. ಒಂದು ಸಲ ಸಣ್ಣ ಶಬ್ದಗಳಿಗಾಗಿಯೂ ತೆರೆದು ನೋಡಬೇಕು. ಇಡು, ಹಿಡಿ, ಬೀಳು, ಕಟ್ಟು, ಹಾಕು ಇವುಗಳ ಬಳಿ ಹೆಚ್ಚು ಹೊತ್ತು ನಿಲ್ಲಬೇಕು.

ನಾವು ನಮ್ಮ ವಿದ್ಯಾರ್ಥಿಗಳಿಗೆ ಮಾಡಿಸುವ ಅಭ್ಯಾಸ ಇಷ್ಟೆ. ಓದುವಾಗ ಸೆಟ್ ಎದುರಾದಲ್ಲೆಲ್ಲ ಇಡೀ ವಾಕ್ಯವನ್ನು ಬರೆದುಕೊಳ್ಳತಕ್ಕದ್ದು, ಅರ್ಥವನ್ನು ಬರೆಯಕೂಡದು. ಹತ್ತಿಪ್ಪತ್ತು ವಾಕ್ಯಗಳಾದ ಮೇಲೆ, ಅದೇ ಸಂದರ್ಭದಲ್ಲಿ ತಮ್ಮ ಮನೆಯಲ್ಲಿ ಹಿರಿಯರು ಏನೆನ್ನುತ್ತಾರೆ ಎಂದು ಕೇಳಿ ಪಕ್ಕದಲ್ಲಿ ಬರೆಯತಕ್ಕದ್ದು. ಹಾಲು ಸೆಟ್ ಆಯಿತು ಎಂಬಲ್ಲಿ ‘ಹೆಪ್ಪುಗಟ್ಟಿತು’ ಎಂದು ಬರುತ್ತದೆ. ನಾಯಿಯನ್ನು ಕಳ್ಳನ ಮೇಲೆ ಸೆಟ್ ಮಾಡಿದರು ಎಂಬಲ್ಲಿ ‘ಛೂ ಬಿಟ್ಟರು’ ಎಂದು ಬರುತ್ತದೆ. ಒಮ್ಮೆ ತೋಟಗಾರಿಕೆಯ ಪುಸ್ತಕವೊಂದರಿಂದ ಒಬ್ಬನು ‘ಫ್ರೂಟ್ ಸೆಟ್’ ಎಂಬ ಪ್ರಯೋಗವನ್ನು ತಂದನು. ಹೂವು ಉದುರಿಹೋಗದೆ ಕಾಯಿಯಾಗಿ ನಿಲ್ಲುವುದಕ್ಕೆ ಆ ಶಾಸ್ತ್ರದಲ್ಲಿ ಹಾಗೆನ್ನುತ್ತಾರೆ. ತರಗತಿಯಲ್ಲಿ ಫಲಸ್ಥಾಪನೆ, ಫಲನಿರ್ಧಾರ ಎಂದು ನಾನಾ ಸಲಹೆಗಳು ಬಂದುವು. ಮರುದಿನ ಆ ಹುಡುಗ ತನ್ನ ಅಜ್ಜನನ್ನು ಕೇಳಿಕೊಂಡು ಬಂದನು. ಆ ವರ್ಷ ಮಾವು ಚೆನ್ನಾಗಿ ಹೂವು ಬಿಟ್ಟಿತ್ತಂತೆ. ನಡುವೆ ಮೋಡ ಮುಸುಕಿದ್ದರಿಂದ ಕಾಯಿ ಮಾತ್ರ ಕಚ್ಚಲಿಲ್ಲವಂತೆ.